ಜಂಪಣ್ಣನವರ ಒಂದು ನಿಮಿಷ ಮೌನ

ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರಾಗಿರುವ ಜಂಪಣ್ಣನವರು ನಲವತ್ತೇಳು ವರ್ಷ ತಮ್ಮ ಗಂಟಲನ್ನು ಊಟಕ್ಕೂ ಮಾತಿಗೂ ಮಾತ್ರ ಬಳಸಿಕೊಂಡು ನೆಮ್ಮದಿಯಾಗಿದ್ದರು. ದಸರಾ ರಜೆ ಮುಗಿದ ಮೊದಲ ಸೋಮವಾರ, ಶಾಲೆಯಲ್ಲಿ ಪ್ರಾರ್ಥನೆ ಹೇಳುವ ಮೂವರು ಹುಡುಗಿಯರಿಗೂ ಒಟ್ಟಿಗೆ ನೆಗಡಿ ಬಂತು. ಮೂರು ಮೂಗುಗಳ ಈ ಒಗ್ಗಟ್ಟಿನಿಂದ ಏನೆಲ್ಲ ಆಯಿತು ಎಂಬುದನ್ನು ಯಾರಾದರೂ ಬರೆದಿಡಲೇಬೇಕು. ಬೇರೆ ಯಾರೂ ಮುಂದೆ ಬಾರದ್ದರಿಂದ ನಾನು ಬರೆಯುತ್ತಿದ್ದೇನೆ.

ಪ್ರಾರ್ಥನೆ ಇಲ್ಲದೆ ದಿನ ಶುರುವಾಗಬಾರದೆಂದು ಮುಖ್ಯೋಪಾಧ್ಯಾಯಿನಿ ಪಾರ್ವತಮ್ಮನವರು ಸುತ್ತ ಕಣ್ಣು ಹಾಯಿಸಿದರು. ಮೇಷ್ಟ್ರುಗಳು ತಂತಮ್ಮ ಚಪ್ಪಲಿ ನೋಡಿಕೊಂಡರು. ಜಂಪಣ್ಣನವರು ಮಾತ್ರ ಎಲ್ಲೋ ನೋಡುತ್ತಿದ್ದರು. ಅವರು ಯಾವಾಗಲೂ ಹಾಗೆಯೇ. ಕಡತ ತೆರೆದು ಎರಡು ಸಾಲು ಓದುವಷ್ಟರಲ್ಲಿ ಅವರ ದೇಹ ಮಾತ್ರ ಕುರ್ಚಿಯಲ್ಲಿ ಉಳಿದು, ಮಿಕ್ಕದ್ದೆಲ್ಲ ಹೊರಟುಹೋಗುತ್ತಿತ್ತು. ವೇದಾವತಿಯಲ್ಲಿ ನೀರಿರಲಿ ಬಿಡಲಿ, ಅವರ ಪಾಲಿಗೆ ಅದು ದಡ ತುಂಬಿಯೇ ಹರಿಯುತ್ತಿತ್ತು. ತೆಂಗಿನ ಮರಗಳು ಅದರೊಳಗೆ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದವು. ಆ ಹೊಳೆಯ ಮೇಲೆ ಒಂದು ಹಾಡನ್ನೂ ಬರೆದು ಸ್ಟಾಕ್ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಇಟ್ಟಿದ್ದರು. ಪಾರ್ವತಮ್ಮನವರ ಕಣ್ಣು ತಮ್ಮ ಮೇಲೆ ಬಿದ್ದದ್ದು ಗೊತ್ತಾದಾಗ ಅವರಿನ್ನೂ ಹೊಳೆಯಿಂದ ಪೂರ್ತಿ ವಾಪಸಾಗಿರಲಿಲ್ಲ. ಅದೇ ಹಾಡನ್ನು ಹಾಡಿಬಿಟ್ಟರು.

ಹಾಡು ಮುಗಿದ ಮೇಲೆ ಪಾರ್ವತಮ್ಮನವರು, ಹೀಗೆ ನೆಗಡಿ ಬಂದಾಗಲೆಲ್ಲ ಕಷ್ಟ, ಪ್ರಾರ್ಥನೆಯನ್ನು ಒಂದು ಸಲ ರೆಕಾರ್ಡ್ ಮಾಡಿಟ್ಟುಬಿಟ್ಟರೆ ಒಳ್ಳೆಯದು ಎಂದರು. ಅವರು ಹೇಳಿದ್ದು ಹುಡುಗಿಯರ ಪ್ರಾರ್ಥನೆಯನ್ನು. ಜಂಪಣ್ಣನವರಿಗೆ ಕೇಳಿಸಿದ್ದು ಬೇರೆ. ಸಂಜೆ ಮನೆ ಮುಟ್ಟುವ ಹೊತ್ತಿಗೆ ಅವರು ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆಲ್ಲ ಜನ ಕುಳಿತಿರುವುದನ್ನೂ ತಮ್ಮ ದನಿ ಬಂಡೆಯಿಂದ ಬಂಡೆಗೆ ಪಾರಿವಾಳದಂತೆ ಹಾರುವುದನ್ನೂ ಕಂಡಾಗಿತ್ತು. ನವೆಂಬರ್ ಒಂದರಿಂದ ಶಾಲೆಯಲ್ಲಿ ದಿನಾ ಬೆಳಿಗ್ಗೆ ತಮ್ಮದೇ ದನಿ ಮೊಳಗುವುದೆಂದು ಬೀದಿಗೆಲ್ಲ ಹೇಳಿದರು.

ಅವರ ಹೆಂಡತಿ ಚೌಡೇಶ್ವರಮ್ಮ ಆಗ ತಂಗಿಯ ಬಾಣಂತನಕ್ಕೆಂದು ಶ್ರೀರಾಂಪುರದಲ್ಲಿದ್ದರು. ಅವರು ಮನೆಯಲ್ಲಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಕೂಸಿನ ಅಕಾಲಿಕ ಆಗಮನದಿಂದ ಅದು ಮುಂದುವರಿಯಿತು.

ರೆಕಾರ್ಡ್ ಮಾಡುವುದು ಹೇಗೆ ಎಂದು ಜಂಪಣ್ಣನವರು ಮೊದಲು ಕೇಳಿದ್ದು ಶಾಲೆಯ ಕಂಪ್ಯೂಟರ್ ಮೇಷ್ಟ್ರು ತಿಪ್ಪೇಶ್ ಅವರನ್ನು. ತಿಪ್ಪೇಶ್ ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಬರುವವರು, ಮನೆಯಲ್ಲೇ ಭಜನೆ ರೆಕಾರ್ಡ್ ಮಾಡುವ ಹವ್ಯಾಸದವರು. ಮೈಕೇ ಮುಖ್ಯ, ಮಿಕ್ಕದ್ದೆಲ್ಲ ಆಮೇಲೆ ಎಂಬುದು ಅವರ ಖಚಿತ ನಂಬಿಕೆ. ತಮ್ಮ ಮೈಕನ್ನು ಎಣ್ಣೆನೀರು ಹಾಕಿದ ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದುಕೊಟ್ಟರು; ಒಂದು ಹಳೆಯ ಲ್ಯಾಪ್‌ಟಾಪನ್ನೂ ಕೊಟ್ಟರು.

ಎರಡನೆಯದಾಗಿ ಕೇಳಿದ್ದು ಭಾಮೈದ ಲಕ್ಷ್ಮೀಕಾಂತನನ್ನು. ಅವನು ಹೊಳಲ್ಕೆರೆಯಲ್ಲಿ ಮದುವೆ ಮನೆಗಳಿಗೆ ಸೌಂಡ್ ಸಿಸ್ಟಂ ಹಾಕುವವನು. ಮೈಕು ಯಾವುದಾದರೂ ನಡೆಯುತ್ತದೆ, ಪ್ರೀಆಂಪ್ ಸರಿಯಿರಬೇಕು ಎಂದು ಅವನ ವಾದ. ಪ್ರೀಆಂಪ್ ಎಂದರೇನೆಂದು ಜಂಪಣ್ಣನವರಿಗೆ ಗೊತ್ತಿರಲಿಲ್ಲ. ಮೈಕು ಹಿಡಿದು ಕೊಡುವ ದನಿ ಸೊಳ್ಳೆಯಷ್ಟು ಸಣ್ಣದೆಂದೂ, ಅದಕ್ಕೆ ಮೈಕೈ ತುಂಬಿಸಿ ಮುಂದಕ್ಕೆ ಕಳಿಸುವ ಡಬ್ಬಿಯೇ ಪ್ರೀಆಂಪ್ ಎಂದೂ ಲಕ್ಷ್ಮೀಕಾಂತ ತಿಳಿಸಿಕೊಟ್ಟ. ಮಾರನೆಯ ದಿನವೇ ಅಂಥದೊಂದು ಭಾರವಾದ ಕಪ್ಪು ಡಬ್ಬಿಯನ್ನು ತಂದು ಜಂಪಣ್ಣನವರ ಮೇಜಿನ ಮೇಲಿಟ್ಟ. ಮೇಜು ಒಂದು ಸಲ ನರಳಿತು.

ಆ ಸಂಜೆ ತಿಪ್ಪೇಶ್ ಕೂಡ ಅಲ್ಲಿಗೆ ಬಂದಿದ್ದರಿಂದ ಇಬ್ಬರು ಪಂಡಿತರೂ ಜಗಲಿಯ ಮೇಲೆ ಮುಖಾಮುಖಿಯಾದರು.

"ಬೋರ್‌ವೆಲ್‌ನಾಗೆ ಎಷ್ಟು ನೀರಿದ್ರೇನು ಮೇಷ್ಟ್ರೆ, ಮೋಟ್ರು ಸರಿ ಇಲ್ದಿದ್ರೆ ಹೊಲಕ್ಕೆ ಬರ್ತೈತಾ?" ಎಂದ ಲಕ್ಷ್ಮೀಕಾಂತ.

"ನೀರೇ ಉಪ್ಪಾಗಿದ್ರೆ ನಿಮ್ಮ ಮೋಟ್ರು ಅದನ್ನ ಸಿಹಿ ಮಾಡ್ತೈತಾ?" ಎಂದರು ತಿಪ್ಪೇಶ್.

ಬಯಲುಸೀಮೆಯಲ್ಲಿ ನೀರಿನ ಮಾತೆತ್ತಿದರೆ ಯಾರೂ ಸುಮ್ಮನೆ ದಾಟಿಹೋಗುವುದಿಲ್ಲ. ಹಾದಿಯಲ್ಲಿ ಹೋಗುತ್ತಿದ್ದವರು ನಿಂತರು. ಅರ್ಧ ಗಂಟೆಯೊಳಗೆ ಬೀದಿಯಲ್ಲಿ ಮೈಕಿನ ಪಕ್ಷ, ಪ್ರೀಆಂಪಿನ ಪಕ್ಷ ಎಂದು ಎರಡಾಗಿ, ಎರಡನ್ನೂ ಕಣ್ಣಿಂದ ಕಾಣದ ಜನ ಅವುಗಳಿಗಾಗಿ ಏರುದನಿಯಲ್ಲಿ ಮಾತಾಡಿದರು. ಜಂಪಣ್ಣನವರು ಇಬ್ಬರ ಮಾತಿಗೂ ತಲೆಯಾಡಿಸುತ್ತ ಕುಳಿತಿದ್ದರು. ಅವರು ಆಗಲೇ ಕೋಟೆಯ ಎರಡನೆಯ ಸುತ್ತಿನಲ್ಲಿದ್ದರು.

ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಬೇಕೆಂದು ಪಂಡಿತರು ಹೇಳಿದ್ದರಿಂದ ಜಂಪಣ್ಣನವರು ನಡುಮನೆಯ ಕಿಟಕಿಗಳಿಗೆ ಕೌದಿ ಕಟ್ಟಿದರು, ಗೋಡೆಗೆ ಹಾಸಿಗೆ ಒರಗಿಸಿದರು, ಬಾಗಿಲ ಸಂದಿಗೆ ಹೆಂಡತಿಯ ಹಳೆಯ ಸೀರೆ ತುರುಕಿದರು. ಹಾಡುವ ಮೊದಲು ಒಂದು ನಿಮಿಷ ಬರಿಯ ಮೌನವನ್ನು ರೆಕಾರ್ಡ್ ಮಾಡಿ ಕಳಿಸಿ, ಅದನ್ನು ಕೇಳಿದರೆ ಯಂತ್ರದ ರೋಗ ಗೊತ್ತಾಗುತ್ತದೆ ಎಂದು ತಿಪ್ಪೇಶ್ ಸೂಚಿಸಿದ್ದರು. ಹಾಗಾಗಿ ದಿನಾ ಶಾಲೆಯಿಂದ ಬಂದು ಕೈಕಾಲು ತೊಳೆದುಕೊಂಡು, ಬೀದಿಬಾಗಿಲಿಗೆ ಬಂದು, "ಒಂದು ನಿಮಿಷ ಮೌನ, ದಯವಿಟ್ಟು" ಎಂದು ಎಡಕ್ಕೂ ಬಲಕ್ಕೂ ಹೇಳಿ, ಒಳಗೆ ಹೋಗಿ ಕಣ್ಣು ಮುಚ್ಚಿ ಕುಳಿತುಕೊಳ್ಳತೊಡಗಿದರು.

ಪಕ್ಕದ ಮನೆಯ ಹೊನ್ನಕ್ಕ ಇದನ್ನು ಎರಡು ದಿನ ನೋಡಿದರು. ಕಿಟಕಿಗೆಲ್ಲ ಕೌದಿ, ಒಲೆ ಹೊತ್ತಿಸಿದ ಸುಳಿವಿಲ್ಲ, ಮನೆಯ ಯಜಮಾನರು ಕಣ್ಣು ಮುಚ್ಚಿ ಮೌನ ಆಚರಿಸುತ್ತಿದ್ದಾರೆ. ರೆಕಾರ್ಡಿಂಗ್ ಎಂಬುದು ಬರೀ ನೆಪ; ಇದರ ನಿಜವಾದ ಅರ್ಥ ಗೊತ್ತಾಗದಿರಲು ಹೊನ್ನಕ್ಕ ನಿನ್ನೆ ಮೊನ್ನೆ ಹುಟ್ಟಿದವರಲ್ಲ. ಮೂರನೆಯ ದಿನ ಆರು ಜನ ಹೆಂಗಸರೊಂದಿಗೆ ಒಂದು ಪಾತ್ರೆ ಅನ್ನ ಸಾರು ಹೊತ್ತು ಬಂದು ಜಗಲಿಯಲ್ಲಿ ತಲೆತಗ್ಗಿಸಿ ಕುಳಿತರು. ಯಾರು ಹೋದದ್ದು ಎಂದು ನೇರವಾಗಿ ಕೇಳುವುದು ಸರಿಯಲ್ಲವಲ್ಲ. ಯಾವಾಗ ಆಯಿತು ಎಂದಷ್ಟೇ ಕೇಳಿದರು. ಜಂಪಣ್ಣನವರು ರೆಕಾರ್ಡಿಂಗ್ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು, ಇನ್ನೂ ಆಗಿಲ್ಲ, ಈ ಭಾನುವಾರ ಆಗಬಹುದು ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋವು ತುಂಬ ಇದೆಯೇ ಎಂದು ಹೊನ್ನಕ್ಕ ಕೇಳಿದ್ದಕ್ಕೆ, ಎಲ್ಲ ಸರಿಯಿದೆ, ಆದರೆ ಒಳಗೆ ಏನೋ ಗುಂಯ್‌ಗುಟ್ಟುತ್ತಿದೆಯಂತೆ, ಹೊಳಲ್ಕೆರೆಯವರೂ ಚಿತ್ರದುರ್ಗದವರೂ ನೋಡುತ್ತಿದ್ದಾರೆ ಎಂದರು. ಅನ್ನ ಸಾರು ಚೆನ್ನಾಗಿತ್ತೆಂದೂ ಸೇರಿಸಿದರು. ಹೊನ್ನಕ್ಕ ಮನೆಗೆ ಹೋದವರೇ ಶ್ರೀರಾಂಪುರಕ್ಕೆ ಫೋನು ಮಾಡಿ, ಭಾನುವಾರದೊಳಗೆ ಬಂದು ಯಜಮಾನರನ್ನು ಒಂದು ಸಲ ನೋಡಿಕೊಂಡು ಹೋಗುವುದು ಒಳ್ಳೆಯದೆಂದು ಚೌಡೇಶ್ವರಮ್ಮನಿಗೆ ಮೆತ್ತಗೆ ತಿಳಿಸಿದರು.

ಗುಂಯ್‌ಗುಟ್ಟುತ್ತಿದ್ದದ್ದು ನಿಜ. ಜಂಪಣ್ಣನವರು ಕಳಿಸಿದ ಒಂದು ನಿಮಿಷದ ಮೌನವನ್ನು ಕೇಳಿದ ಇಬ್ಬರು ಪಂಡಿತರಿಗೂ ಮೊದಲ ಹತ್ತು ಸೆಕೆಂಡು ಏನೂ ಕೇಳಿಸಲಿಲ್ಲ. ಆಮೇಲೆ ದೂರದಿಂದ ಬಂದಂತೆ ಒಂದು ಗುಂಯ್ ಶುರುವಾಗಿ, ತುಂಬಿಕೊಂಡು, ಕೊನೆಯವರೆಗೂ ಒಂದೇ ಸಮನೆ ಇತ್ತು. ಹಾಡಿನಲ್ಲಿ ಕೂಡ ಎರಡು ಚರಣಗಳ ನಡುವೆ ಅದೇ ಗುಂಯ್. ಇದು ಪ್ರೀಆಂಪಿನ ದೋಷವೆಂದು ತಿಪ್ಪೇಶ್ ಹೇಳಿದರು. ಮೈಕಿನ ದೋಷವೆಂದು ಲಕ್ಷ್ಮೀಕಾಂತ ಹೇಳಿದ. ಲಕ್ಷ್ಮೀಕಾಂತ ತನ್ನದೇ ಮೈಕು ತಂದು ಹಾಕಿದ, ಗುಂಯ್ ಹೋಗಲಿಲ್ಲ. ತಿಪ್ಪೇಶ್ ತಮ್ಮ ಪರಿಚಯದವರ ಪ್ರೀಆಂಪ್ ತಂದು ಹಾಕಿದರು; ಗುಂಯ್ ಇನ್ನೂ ಚೆನ್ನಾಗಿ ಕೇಳಿಸಿತು. ಇಬ್ಬರೂ ಸೋತದ್ದರಿಂದ ಇಬ್ಬರ ಸಿಟ್ಟೂ ಹೆಚ್ಚಾಯಿತು. ತಮ್ಮ ಮೈಕಿಗೆ ಮದುವೆ ಮನೆಯ ಡಬ್ಬಿಯ ಸಹವಾಸದಿಂದ ಈ ಗತಿ ಬಂತೆಂದು ತಿಪ್ಪೇಶ್ ಶಾಲೆಯಲ್ಲಿ ಜಂಪಣ್ಣನವರನ್ನು ಮಾತಾಡಿಸುವುದನ್ನೇ ಬಿಟ್ಟರು. ಅಕ್ಕನ ಗಂಡ ಹೊರಗಿನವರ ಮಾತು ಕೇಳಿ ತನ್ನ ಡಬ್ಬಿಯನ್ನು ಹಳಿಯುತ್ತಿದ್ದಾನೆಂದು ಲಕ್ಷ್ಮೀಕಾಂತ, ಬರುವ ತಿಂಗಳು ತನ್ನ ಮಗಳ ಕಿವಿ ಚುಚ್ಚುವ ಕಾರ್ಯಕ್ಕೆ ಭಾವನನ್ನು ಕರೆಯಬೇಕೋ ಬೇಡವೋ ಎಂದು ಯೋಚಿಸತೊಡಗಿದ.

ನವೆಂಬರ್ ಒಂದಕ್ಕೆ ಐದೇ ದಿನ ಉಳಿದಿತ್ತು. ಒಂದು ಕಡೆ ಗೆಳೆಯ, ಇನ್ನೊಂದು ಕಡೆ ಹೆಂಡತಿಯ ತವರು, ನಡುವೆ ಗುಂಯ್. ಜಂಪಣ್ಣನವರಿಗೆ ಅನ್ನ ಸೇರದಾಯಿತು. ಇಬ್ಬರ ಮನೆಗೂ ಒಂದೊಂದು ಗೊನೆ ಎಳನೀರು ಹೊತ್ತು ಹೋಗಿ, ಭಾನುವಾರ ಒಂದೇ ಒಂದು ಸಲ ಒಟ್ಟಿಗೆ ಬರಬೇಕೆಂದು ಬೇಡಿಕೊಂಡು ಬಂದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಬಂದರು. ಜೊತೆಗೆ ಎದುರುಮನೆಯ ನಾಗರಾಜಪ್ಪನವರೂ ಬಂದರು. ನಾಗರಾಜಪ್ಪನವರು ಮೂವತ್ತು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಲೋಕದ ಎಲ್ಲ ಕಷ್ಟಗಳಿಗೂ ಕರೆಂಟೇ ಮೂಲವೆಂದು ಬಲ್ಲವರು. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಆ ಗುಂಯ್ ಕೇಳಿ, ಇದು ಇಪ್ಪತ್ತೈದು ಕೆವಿಎ ಟ್ರಾನ್ಸ್‌ಫಾರ್ಮರಿನ ದನಿ, ತಾನು ನಿದ್ದೆಯಲ್ಲೂ ಗುರುತಿಸಬಲ್ಲೆ ಎಂದರು. ಮೈಕೂ ಅಲ್ಲ, ಪ್ರೀಆಂಪೂ ಅಲ್ಲ, ಬೀದಿಯ ಕರೆಂಟೇ ತಂತಿಯೊಳಗೆ ನುಗ್ಗುತ್ತಿದೆ.

ಇದರಿಂದ ಇಬ್ಬರು ಪಂಡಿತರ ಮಾನವೂ ಉಳಿಯುವಂತಿದ್ದರಿಂದ ಇಬ್ಬರೂ ಒಪ್ಪಿದರು. ಹೊನ್ನಕ್ಕ ಮನೆಮನೆಗೂ ಹೋಗಿ ಹೇಳಿದರು. ಫ್ರಿಜ್ಜು, ಟಿವಿ, ನೀರಿನ ಮೋಟರು, ಒಂದು ಮನೆಯ ಹಿಟ್ಟಿನ ಗಿರಣಿ, ಎಲ್ಲ ನಿಂತವು. ಯಾರದೋ ಕಷ್ಟ ಕಾಲಕ್ಕೆ ಇಷ್ಟಾದರೂ ಮಾಡಬೇಡವೇ ಎಂದು ಜನ ಮೇನ್ ಸ್ವಿಚ್ಚನ್ನೇ ಆರಿಸಿ, ಬೀಸಣಿಗೆ ಹಿಡಿದು ಬಾಗಿಲಲ್ಲಿ ನಿಂತರು. ಅಕ್ಟೋಬರಿನ ಬಿಸಿಲು ಬೀದಿಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಇಡೀ ಬೀದಿ ಯಾರದೋ ಕನಸಿನೊಳಗೆ ಹೋಗಿ ನಿಂತಂತೆ ಸುಮ್ಮನಾಯಿತು. ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ, ಪ್ರೀಆಂಪು ಲಕ್ಷ್ಮೀಕಾಂತನ ವ್ಯಾನಿನ ಬ್ಯಾಟರಿಯಲ್ಲಿ ನಡೆಯುತ್ತಿದ್ದವು. ಜಂಪಣ್ಣನವರು ಒಳಗೆ ಮೈಕಿನ ಮುಂದೆ ಒಬ್ಬರೇ ಕುಳಿತರು. ಉದ್ದದ ವೈರು ಎಳೆದುಕೊಂಡು ಪಂಡಿತರು ಜಗಲಿಯಲ್ಲಿ ಹೆಡ್‌ಫೋನ್ ಹಾಕಿಕೊಂಡರು.

ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಗುಂಯ್.

ನಾಗರಾಜಪ್ಪನವರ ಮುಖ ಕಂದಿತು. ಕರೆಂಟೇ ಇಲ್ಲದ ಕಡೆ ಕರೆಂಟಿನ ದನಿ ಬರುವುದು ಅವರ ಮೂವತ್ತು ವರ್ಷದ ಸೇವೆಗೆ ಆದ ಅವಮಾನವಾಗಿತ್ತು. ಜಂಪಣ್ಣನವರನ್ನು ಹೊರಗೆ ಕರೆದು ಹೊನ್ನಕ್ಕನನ್ನು ಒಳಗೆ ಕೂರಿಸಿದರು. ಗುಂಯ್ ಇಲ್ಲ. ತಿಪ್ಪೇಶ್ ಹೋಗಿ ಕುಳಿತರು, ಆಗಲೂ ಇಲ್ಲ. ಜಂಪಣ್ಣನವರನ್ನು ಮತ್ತೆ ಒಳಗೆ ಕಳಿಸಿದರು. ಅವರು ಕುಳಿತು ಕಣ್ಣು ಮುಚ್ಚಿ ಸ್ವಲ್ಪ ಹೊತ್ತಿಗೆ ಗುಂಯ್ ಬಂತು. ಜಗಲಿಯ ಮೇಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಹೆಡ್‌ಫೋನಿಗೆ ಕಿವಿ ಕೊಟ್ಟು ಹಿಂದಕ್ಕೆ ಸರಿದರು. ಇನ್ನು ಅನುಮಾನವೇ ಉಳಿಯಲಿಲ್ಲ. ಕರೆಂಟು ಬೀದಿಯಲ್ಲಿಲ್ಲ, ಜಂಪಣ್ಣನವರ ಮೈಯಲ್ಲಿದೆ.

ನಾಗರಾಜಪ್ಪನವರು ಜೇಬಿನಿಂದ ಟೆಸ್ಟರ್ ತೆಗೆದು ಮೊದಲು ಅಂಗೈಗೆ, ಆಮೇಲೆ ಕಿವಿಗೆ ಮುಟ್ಟಿಸಿದರು. ಟೆಸ್ಟರ್ ಹತ್ತಲಿಲ್ಲ. ಹತ್ತದಿರುವುದೇ ಅಪಾಯ, ಒಳಗೇ ನಿಂತುಬಿಟ್ಟಿದೆ ಎಂದರು.

"ಅರ್ಥಿಂಗ್ ಕೊಡಾಣ," ಎಂದರು. "ಭಯ ಪಡಬ್ಯಾಡ್ರಿ ಜಂಪಣ್ಣ. ಕಂಬಕ್ಕೂ ಇದನ್ನೇ ಮಾಡೋದು."

ಒಂದು ಗೋಣಿಚೀಲ ಒದ್ದೆ ಮಾಡಿ ಮೈಕಿನ ಮುಂದೆ ಹಾಸಿ, ಅದರ ಮೇಲೆ ಜಂಪಣ್ಣನವರನ್ನು ಬರಿಗಾಲಲ್ಲಿ ನಿಲ್ಲಿಸಿದರು. ಕಾಲಿನ ಹೆಬ್ಬೆರಳಿಗೆ ತಾಮ್ರದ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಹಿತ್ತಲಿನ ನಲ್ಲಿ ಪೈಪಿಗೆ ಕಟ್ಟಿದರು. ಜಂಪಣ್ಣನವರು ಎದೆ ಹಿಡಿದುಕೊಂಡು, ಕಣ್ಣು ಬಿಟ್ಟು, ಯಾವ ಗಳಿಗೆಯಲ್ಲಿ ಏನಾಗುವುದೋ ಎಂದು ನಿಂತರು. ಒಂದು ನಿಮಿಷ, ಎರಡು ನಿಮಿಷ. ಗುಂಯ್ ಇಲ್ಲ. ಜಗಲಿಯಲ್ಲಿ ಸಂತೋಷ ಹರಡಿತು. ತಿಪ್ಪೇಶ್ ಮತ್ತು ಲಕ್ಷ್ಮೀಕಾಂತ ಕೈ ಕುಲುಕಿದರು. ನಾಗರಾಜಪ್ಪನವರಿಗೆ ಹೊನ್ನಕ್ಕ ಕಾಫಿ ತಂದುಕೊಟ್ಟರು. ಆದರೆ ಒದ್ದೆ ಗೋಣಿ ತಣ್ಣಗಿತ್ತು. ಅಂಗಾಲಿನಿಂದ ಮೇಲಕ್ಕೆ ಆ ತಂಪು ಏರುತ್ತ ಏರುತ್ತ, ಜಂಪಣ್ಣನವರು ವೇದಾವತಿಯಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತಿದ್ದರು. ಒಂದು ಬಿಳಿಯ ಕೊಕ್ಕರೆ ಅವರ ಪಕ್ಕದಲ್ಲೇ ಒಂಟಿಕಾಲಲ್ಲಿ ನಿಂತು ಏನನ್ನೋ ನೆನೆಯುತ್ತಿತ್ತು. ಕಾಫಿ ಲೋಟ ಬಾಯಿಗೆ ಹೋಗುವ ಮೊದಲೇ ನಾಗರಾಜಪ್ಪನವರ ಕಿವಿಯಲ್ಲಿ ಗುಂಯ್ ಎಂದಿತು.

ಶ್ರೀರಾಂಪುರದ ಬಸ್ಸಿಳಿದು ಚೌಡೇಶ್ವರಮ್ಮ ಬೀದಿಗೆ ಕಾಲಿಟ್ಟದ್ದು ಆಗಲೇ. ಎಲ್ಲ ಮನೆಗಳ ಬಾಗಿಲಲ್ಲಿ ಜನ ಮಾತಿಲ್ಲದೆ ನಿಂತಿದ್ದರು. ತಮ್ಮ ಮನೆಯ ಮುಂದೆ ಗುಂಪು. ಚೌಡೇಶ್ವರಮ್ಮ ಕೈಯ ಚೀಲವನ್ನು ಅಲ್ಲೇ ಬಿಟ್ಟರು. ಗುಂಪನ್ನು ಸೀಳಿಕೊಂಡು ಒಳಗೆ ಹೋಗಿ ನೋಡಿದರೆ, ಗಂಡ ಒದ್ದೆ ಗೋಣಿಯ ಮೇಲೆ ಹೆಬ್ಬೆರಳಿಗೆ ತಂತಿ ಕಟ್ಟಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ, ಮುಖದಲ್ಲಿ ಪರಮ ಶಾಂತಿ. ಜೀವ ಇದೆ ಎಂದು ಖಾತ್ರಿಯಾದ ಮೇಲೆ ಅವರು ಹೊರಗೆ ಬಂದು ತಮ್ಮನ ಕಡೆ ನೋಡಿದರು. ಲಕ್ಷ್ಮೀಕಾಂತ ಮೊದಲಿನಿಂದ ಎಲ್ಲವನ್ನೂ ವಿವರಿಸಿ, ಹೆಡ್‌ಫೋನನ್ನು ಅಕ್ಕನ ಕಿವಿಗಿಟ್ಟ.

ಚೌಡೇಶ್ವರಮ್ಮ ಅರ್ಧ ನಿಮಿಷವೂ ಕೇಳಲಿಲ್ಲ.

"ಇದು ಇವ್ರೇ ಕಣೋ," ಎಂದರು. "ಬಾಯಿ ಮುಚ್ಕೊಂಡು ಗುಂಯ್ ಅಂತಾರೆ. ಎತ್ತಲಾಗೋ ಯೋಚನೆ ಹೋದ್ರೆ ಹಿಂಗೇ. ಮದುವೆ ಆದಾಗಿಂದ ಕೇಳ್ತಿದೀನಿ."

ನಂಬದವರು ಬಾಗಿಲಿನಿಂದ ಬಗ್ಗಿ ನೋಡಿದರು. ತುಟಿ ಅಲುಗುತ್ತಿರಲಿಲ್ಲ, ಮೂಗಿನ ಹೊಳ್ಳೆ ಮಾತ್ರ ಸಣ್ಣಗೆ ಕಂಪಿಸುತ್ತಿತ್ತು. ಇಷ್ಟು ವರ್ಷ ಪಕ್ಕದ ಮನೆಯಿಂದ ಬರುತ್ತಿದ್ದ ಸದ್ದನ್ನು ತಾನು ಇವರ ಹಳೆಯ ಫ್ರಿಜ್ಜಿನದೆಂದುಕೊಂಡಿದ್ದೆ ಎಂದು ಹೊನ್ನಕ್ಕ ನೆನಪಿಸಿಕೊಂಡರು. ಶಾಲೆಯ ಆಫೀಸಿನಲ್ಲಿ ತಾವೆಲ್ಲ ಫ್ಯಾನನ್ನು ಮೂರು ಸಲ ರಿಪೇರಿ ಮಾಡಿಸಿದ್ದನ್ನು ತಿಪ್ಪೇಶ್ ನೆನಪಿಸಿಕೊಂಡರು.

ಜಂಪಣ್ಣನವರನ್ನು ಎಚ್ಚರಿಸಿ ಹೇಳಿದಾಗ ಅವರು ಒಪ್ಪಲಿಲ್ಲ. ತಿಪ್ಪೇಶ್ ಲ್ಯಾಪ್‌ಟಾಪಿನಲ್ಲಿ ಗುಂಯ್ ಭಾಗಗಳನ್ನೆಲ್ಲ ಕತ್ತರಿಸಿ ತೆಗೆದು, ಬರಿಯ ಹಾಡನ್ನು ಜೋಡಿಸಿ, ಈಗ ಕೇಳಿ ಎಂದು ದೊಡ್ಡದಾಗಿ ಹಾಕಿದರು. ಮೊದಲ ಬಾರಿಗೆ ಹಾಡು ಯಾವ ಅಡ್ಡಿಯೂ ಇಲ್ಲದೆ ಸ್ವಚ್ಛವಾಗಿ ಕೇಳಿಸಿತು. ಮೈಕು ಒಳ್ಳೆಯದಿತ್ತು, ಪ್ರೀಆಂಪೂ ಒಳ್ಳೆಯದಿತ್ತು. ಹಾಡಿದ ದನಿ ಹೊಳೆ ದಾಟಲಾರದ ಕೋಣವೊಂದು ದಡದಲ್ಲಿ ನಿಂತು ಯಾರನ್ನೋ ಕರೆಯುವಂತಿತ್ತು. ಹಾಡು ಮುಗಿದ ಮೇಲೆ ಎರಡೂ ಪಕ್ಷದವರು ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದು, ಅದನ್ನು ಹೇಳದೆ ಎದ್ದುಹೋದರು. ಮನೆಮನೆಯಲ್ಲೂ ಮೇನ್ ಸ್ವಿಚ್ಚುಗಳು ಟಪಟಪ ಹತ್ತಿಕೊಂಡವು.

ಜಂಪಣ್ಣನವರು ತಂತಿ ಬಿಚ್ಚಿಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನದಿಂದ ಅವರು ಗುಂಯ್ ಎನ್ನಲಿಲ್ಲ. ಯೋಚನೆ ಎತ್ತಲಾಗೋ ಹೋದರೆ ತಾನೆ ಗುಂಯ್ ಬರುವುದು. ಅವರು ಯೋಚನೆಯನ್ನೇ ಹೋಗಗೊಡಲಿಲ್ಲ. ಹೊಳೆ ನೆನಪಾದರೆ ತೊಡೆ ಚಿವುಟಿಕೊಂಡರು. ಕೋಟೆ ಕಂಡರೆ ತಣ್ಣೀರು ಕುಡಿದರು. ಪರಿಣಾಮವಾಗಿ ನಾಲ್ಕು ವರ್ಷದಿಂದ ಉಳಿದಿದ್ದ ಕಡತಗಳೆಲ್ಲ ನಾಲ್ಕು ದಿನದಲ್ಲಿ ಮುಗಿದವು. ಪಾರ್ವತಮ್ಮನವರು ಗಾಬರಿಯಾಗಿ, ಏನಾದರೂ ಮನೆಯಲ್ಲಿ ತೊಂದರೆಯೇ, ನಾಲ್ಕು ದಿನ ರಜೆ ಬೇಕೇ ಎಂದು ವಿಚಾರಿಸಿದರು. ನವೆಂಬರ್ ಒಂದಕ್ಕೆ ನೆಗಡಿ ವಾಸಿಯಾದ ಹುಡುಗಿಯರೇ ಪ್ರಾರ್ಥನೆ ಹೇಳಿದರು. ಜಂಪಣ್ಣನವರು ಕಣ್ಣು ಬಿಟ್ಟುಕೊಂಡು ನೆಟ್ಟಗೆ ನಿಂತಿದ್ದರು. ಮನೆಯಲ್ಲಿ ಕರೆದರೆ ಒಂದೇ ಕರೆಗೆ ಓ ಎನ್ನುತ್ತಿದ್ದರು; ಚೌಡೇಶ್ವರಮ್ಮನಿಗೆ ಅದೊಂದು ಹಿಂಸೆಯಾಯಿತು. ಬೇರೆ ಯಾರನ್ನೋ ಮನೆಯಲ್ಲಿಟ್ಟುಕೊಂಡ ಹಾಗಾಗುತ್ತದೆ ಎಂದು ಹೊನ್ನಕ್ಕನ ಹತ್ತಿರ ಹೇಳಿಕೊಂಡು ಕಣ್ಣು ಒರೆಸಿಕೊಂಡರು.

ಮುಂದಿನ ಭಾನುವಾರ ಲಕ್ಷ್ಮೀಕಾಂತನೂ ತಿಪ್ಪೇಶ್ ಅವರೂ ಸಾಮಾನು ಒಯ್ಯಲು ಬಂದು ವೈರು ಸುತ್ತುತ್ತಿದ್ದಾಗ, ಹಿತ್ತಲಿನ ಕಡೆಯ ಬಾಗಿಲು ತಳ್ಳಿಕೊಂಡು ಒಬ್ಬ ಅಜ್ಜಿ ಒಳಗೆ ಬಂದರು. ಹಿಂದಿನ ಬೀದಿಯ ಪಾಲಮ್ಮ. ಎಂಬತ್ತು ದಾಟಿದವರು, ಆದಿವಾಲದಿಂದ ಸೊಸೆಯಾಗಿ ಬಂದವರು. ಅವರ ಮನೆಗೂ ಜಂಪಣ್ಣನವರ ಮನೆಗೂ ನಡುವೆ ಹಿತ್ತಲಿನ ಒಂದು ಗೋಡೆ ಮಾತ್ರ. ಅಜ್ಜಿ ಯಾರ ಮನೆಗೂ ಹೋಗುವವರಲ್ಲ. ಚೌಡೇಶ್ವರಮ್ಮ ಅವಸರವಾಗಿ ಚಾಪೆ ಹಾಸಿದರು. ಅಜ್ಜಿ ಕೂರಲಿಲ್ಲ.

"ಯಾಕಪ್ಪ ನಿಲ್ಲಿಸ್ದೆ?" ಎಂದು ಜಂಪಣ್ಣನವರನ್ನು ಕೇಳಿದರು.

ಜಂಪಣ್ಣನವರು ತಲೆ ತಗ್ಗಿಸಿ, ಇನ್ನು ಮೇಲೆ ಯಾರಿಗೂ ತೊಂದರೆ ಕೊಡುವುದಿಲ್ಲ ಎಂದರು. ಅಜ್ಜಿಗೆ ಸಿಟ್ಟು ಬಂತು. ಆಮೇಲೆ ಅವರು ನಿಂತುಕೊಂಡೇ ಹೇಳಿದ್ದು ಇಷ್ಟು. ಅವರೂ ಅವರ ಅಕ್ಕನೂ ಐವತ್ತು ವರ್ಷ ಸುತ್ತಲಿನ ಊರುಗಳ ಮದುವೆಗಳಲ್ಲಿ ಸೋಬಾನೆ ಹೇಳಿದವರು. ಪದ ಹೇಳುವುದು ಪಾಲಮ್ಮ. ಅಕ್ಕನದು ಅವರ ದನಿಯ ಕೆಳಗೆ ಒಂದೇ ಸಮನಾಗಿ ದನಿ ಹಿಡಿದುಕೊಂಡು ಕೂರುವ ಕೆಲಸ. ಕೆಳಗೆ ದನಿ ಇಲ್ಲದಿದ್ದರೆ ಮೇಲಿನ ಪದ ಕಾಲು ಜಾರಿದಂತೆ ಬೀಳುತ್ತದೆ. ಅಕ್ಕ ತೀರಿಕೊಂಡ ಮೇಲೆ ಅಜ್ಜಿ ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ಆದರೆ ಒಂದು ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಕುಳಿತು ಹುಣಿಸೆಹಣ್ಣು ಬಿಡಿಸುತ್ತಿದ್ದಾಗ ಗೋಡೆಯಾಚೆಯಿಂದ ಅದೇ ದನಿ ಬಂತು. ಅಕ್ಕನ ದನಿಯಷ್ಟೇ ಎತ್ತರ, ಅಷ್ಟೇ ನಿಧಾನ. ಅವತ್ತಿನಿಂದ ಆರು ವರ್ಷ, ಪ್ರತಿ ಭಾನುವಾರ, ಗೋಡೆಗೆ ಒರಗಿ ಕುಳಿತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಅವರು ಒಂದೊಂದೇ ಪದ ಹೇಳಿಕೊಳ್ಳುತ್ತ ಬಂದಿದ್ದರು.

"ನಂಗೋಸ್ಕರ ಮಾಡ್ತೀಯ ಅನ್ಕಂಡಿದ್ದೆ," ಎಂದರು ಅಜ್ಜಿ.

ತಿಪ್ಪೇಶ್ ಸುತ್ತಿದ್ದ ವೈರನ್ನು ಬಿಚ್ಚತೊಡಗಿದರು. ಲಕ್ಷ್ಮೀಕಾಂತ ಡಬ್ಬಿಯನ್ನು ಮತ್ತೆ ಮೇಜಿನ ಮೇಲಿಟ್ಟ. ಮೈಕನ್ನು ಅಜ್ಜಿಯ ಮುಂದೆ ಎಷ್ಟು ದೂರ ಇಡಬೇಕು, ಡಬ್ಬಿಯನ್ನು ಎಷ್ಟು ತಿರುಗಿಸಬೇಕು ಎಂದು ಇಬ್ಬರಿಗೂ ಮತ್ತೆ ವಾದ ಹುಟ್ಟಿತು. ಅಜ್ಜಿ ಒಂದು ಸಲ ಕೇಳಿದರು, ಎರಡು ಸಲ ಕೇಳಿದರು, ಮೂರನೆಯ ಸಲ ರೆಕಾರ್ಡಿಂಗ್ ಶುರುಮಾಡಿಸಿ, ಇಬ್ಬರ ಕೈಗೂ ಚೌಡೇಶ್ವರಮ್ಮನ ಬೆಳ್ಳುಳ್ಳಿ ಮೊರ ಕೊಟ್ಟು ಹಿತ್ತಲಿಗೆ ಕಳಿಸಿದರು.

ಆದರೆ ಜಂಪಣ್ಣನವರಿಗೆ ಗುಂಯ್ ಬರಲಿಲ್ಲ. ಪ್ರಯತ್ನಪಟ್ಟಷ್ಟೂ ಗಂಟಲಿನಿಂದ ಹಾಲು ಬಿಡಿಸಿದ ಕರುವಿನ ಕೂಗು ಬಂತು. ಹೆಂಡತಿ ನೋಡುತ್ತಿದ್ದಾರೆ, ಮೈಕು ನೋಡುತ್ತಿದೆ, ತಾನೂ ತನ್ನನ್ನು ನೋಡುತ್ತಿದ್ದೇನೆ. ಬೆವರಿದರು. ಅಜ್ಜಿ ಅವರ ಮಂಡಿಯ ಮೇಲೆ ಕೈಯಿಟ್ಟರು.

"ನೀನು ಹಾಡಬ್ಯಾಡ ಮಗ," ಎಂದರು. "ಎಲ್ಲಿಗೆ ಹೋಗ್ತಿದ್ಯೋ, ಅಲ್ಲಿಗೆ ಹೋಗು."

ಜಂಪಣ್ಣನವರು ಕಣ್ಣು ಮುಚ್ಚಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಹಿತ್ತಲಿನಿಂದ ಬೆಳ್ಳುಳ್ಳಿ ವಾಸನೆ ಬಂತು. ದೂರದಲ್ಲಿ ಹೈವೇಯ ಲಾರಿಯೊಂದು ಹೋಯಿತು, ಅದರ ಹಿಂದೆ ಇನ್ನೊಂದು. ಆಮೇಲೆ ಲಾರಿಗಳ ಸದ್ದು ನೀರಿನ ಸದ್ದಾಯಿತು. ಹೊಳೆ ಬಂತು. ನೀರಿನ ಮೇಲೆ ಒಂದು ತೆಂಗಿನ ಗರಿ ತೇಲುತ್ತಿತ್ತು, ಅದರ ಮೇಲೆ ಅವರು ಕುಳಿತಿದ್ದರು. ಎಲ್ಲಿಗೆ ಹೋಗುವುದೆಂದು ಗರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ನಡುಮನೆಯಲ್ಲಿ ಗುಂಯ್ ತುಂಬಿಕೊಂಡಿತು. ಅಜ್ಜಿ ಒಂದು ಗಳಿಗೆ ಅದನ್ನು ಕೇಳಿ, ಸೆರಗು ಸರಿಪಡಿಸಿಕೊಂಡು, ಶುರುಮಾಡಿದರು:

ತೊಯ್ದ ಮಣ್ಣಿನ ಮ್ಯಾಲೆ ಬರಿಗಾಲ ಮದುಮಗಳು
ಹಿಂದಕ್ಕೆ ನೋಡ್ಯಾಳೊ ಸೋಬಾನೆ, ತವರೂರ
ಹುಣಿಸೆಯ ನೆರಳು ಬರಲಿಲ್ಲ.

ಚೌಡೇಶ್ವರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತುಬಿಟ್ಟರು. ಹಿತ್ತಲಲ್ಲಿ ಬೆಳ್ಳುಳ್ಳಿ ಬಿಡಿಸುವುದು ನಿಂತಿತು. ಅಜ್ಜಿ ಒಂದೇ ಉಸಿರಿಗೆ ಹನ್ನೊಂದು ಪದ ಹೇಳಿದರು. ಯಾರಿಗೂ ಮುಂದೆ ಹೇಳಿಕೊಟ್ಟಿರದ ಪದಗಳು ಅವು, ಅವರೊಂದಿಗೇ ಹೋಗಬೇಕಾಗಿದ್ದಂಥವು. ಹನ್ನೆರಡನೆಯದರ ನಡುವೆ ಜಂಪಣ್ಣನವರ ತಲೆ ಎದೆಯ ಮೇಲೆ ವಾಲಿ ಗುಂಯ್ ಗೊರಕೆಯಾಯಿತು. ಅವತ್ತಿಗೆ ಸಾಕೆಂದು ಅಜ್ಜಿ ಎದ್ದರು.

ರೆಕಾರ್ಡಿಂಗ್ ಫೋನಿನಿಂದ ಫೋನಿಗೆ ಹಾರಿ ಎರಡೇ ದಿನದಲ್ಲಿ ಆದಿವಾಲ ಸೇರಿತು, ಅಲ್ಲಿಂದ ಹೊಸದುರ್ಗಕ್ಕೆ ಹೋಯಿತು. ಕಾರ್ತಿಕದಲ್ಲಿ ಮದುವೆಗಳು ಶುರುವಾದವು. ಪಾಲಮ್ಮನನ್ನು ಕರೆಯಲು ಬಂದವರು, ಆ ಹಿಂದಿನ ದನಿಯ ಹೆಂಗಸನ್ನೂ ತಪ್ಪದೆ ಕರೆದುಕೊಂಡು ಬರಬೇಕೆಂದು ಹೇಳಿ ಎರಡು ಲಗ್ನಪತ್ರಿಕೆ ಕೊಟ್ಟರು. ಎರಡನೆಯದರ ಮೇಲೆ ಶ್ರೀಮತಿ ಎಂದು ಬರೆದಿತ್ತು. ಜಂಪಣ್ಣನವರು ಸಂಕೋಚದಿಂದ ಹಿಂಜರಿದಾಗ, ಸುಮ್ಮನೆ ಹೋಗಿ ಬನ್ನಿ, ಮನೆಯಲ್ಲಿ ಕೂತು ಒಂದೇ ಕರೆಗೆ ಓ ಅನ್ನಬೇಡಿ ಎಂದು ಚೌಡೇಶ್ವರಮ್ಮ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟರು.

ಮೊದಲ ಮದುವೆ ಹೊಳಲ್ಕೆರೆಯಲ್ಲಿ. ಚಪ್ಪರದ ಕೆಳಗೆ ಜಮಖಾನೆಯ ಮೇಲೆ ಹತ್ತು ಹೆಂಗಸರು ಸಾಲಾಗಿ ಕುಳಿತಿದ್ದರು. ಸಾಲಿನ ಕೊನೆಯಲ್ಲಿ, ಪಾಲಮ್ಮನ ಮಗ್ಗುಲಿಗೆ, ಬಿಳಿ ಅಂಗಿ ತೊಟ್ಟು ಹೆಗಲಿಗೆ ಟವೆಲು ಹಾಕಿಕೊಂಡ ಜಂಪಣ್ಣನವರು. ಮಧ್ಯಾಹ್ನದ ಬಿಸಿಲು ತೆಂಗಿನ ಗರಿಯ ಚಪ್ಪರದಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅವರು ಆಗಲೇ ಬಹಳ ದೂರ ಹೋಗಿದ್ದರು. ಪದ ನಡೆಯುತ್ತಿದ್ದಂತೆಯೇ ಮದುಮಗಳ ತಾಯಿ ತಟ್ಟೆ ಹಿಡಿದು ಬಂದು, ಸೋಬಾನೆಯ ಹೆಂಗಸರಿಗೆಲ್ಲ ಅರಿಸಿನ ಕುಂಕುಮ, ಎಲೆ ಅಡಿಕೆ, ಒಂದೊಂದು ಕುಬುಸದ ಕಣ ಕೊಡುತ್ತ ಸಾಲಿನ ಕೊನೆಗೆ ತಲುಪಿದರು. ಅಲ್ಲಿ ಮೀಸೆ ಕಂಡು ನಿಂತರು. ಪಾಲಮ್ಮ ಪದ ಬಿಡದೆ, ಕೊಡು ಎಂದು ಕಣ್ಣಲ್ಲೇ ಹೇಳಿದರು. ಆಕೆ ತಟ್ಟೆಯಿಂದ ಹಸಿರು ಕಣವೊಂದನ್ನು ಎತ್ತಿಕೊಂಡು ಬಗ್ಗಿದರು. ಜಂಪಣ್ಣನವರು ಕಣ್ಣು ತೆರೆಯದೆ, ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಸೆರಗಿನಂತೆ ಮುಂದಕ್ಕೆ ಒಡ್ಡಿದರು. ಗುಂಯ್ ಕೂದಲೆಳೆಯಷ್ಟೂ ಅಲುಗಲಿಲ್ಲ.